ಕುಂದನ್ ಸಿಂಗನ ಊರಿನಲ್ಲಿ ನಾನು ಕಳೆದ ಎಂಟು ದಿನ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ತೊಂಬತ್ತರ ದಶಕದ ನಡುವಿನ ಮಾತು. ಶುಕ್ರವಾರ ರಜೆ ಇರುತ್ತಿತ್ತು. ದೋಹಾದ ಅಲ್ ಸದ್ದ್‌ನಲ್ಲಿ ನಮ್ಮ ಕರಾವಳಿಯವರೊಬ್ಬರ ಫ್ಲ್ಯಾಟಿನಲ್ಲಿ ಹತ್ತು ಹನ್ನೆರಡು ಜನ ಸೇರುತ್ತಿದ್ದೆವು. ಕುಚ್ಚಲಕ್ಕಿ ಅನ್ನ, ಮೀನು ಸಾರು ಹೊಟ್ಟೆಗೆ ಬಿದ್ದ ಮೇಲೆ ಯಾರಾದರೊಬ್ಬರು ಶುರು ಮಾಡುತ್ತಿದ್ದರು. ನಮ್ಮ ಅಜ್ಜನಿಗೆ ಗದ್ದೆಯ ಬದುವಿನಲ್ಲಿ ಯಾರೋ ಬೀಡಿಗೆ ಬೆಂಕಿ ಕೇಳಿದರಂತೆ, ತಿರುಗಿ ನೋಡಿದರೆ ಕೇಳಿದವನಿಗೆ ಕಾಲೇ ಇರಲಿಲ್ಲವಂತೆ. "ಅಜ್ಜ ಆ ದಿವಸ ಎಷ್ಟು ಕಳ್ಳು ಕುಡಿದಿದ್ರು?" ಎಂದು ಕೇಳಿ ಎಲ್ಲರ ಮಜಾ ಹಾಳು ಮಾಡುತ್ತಿದ್ದವನು ನಾನು. ನಮ್ಮ ಕಂಪೆನಿಯ ಡ್ರೈವರ್ ಹಮೀದ್, ಸುರತ್ಕಲ್ ಕಡೆಯ ಬ್ಯಾರಿ, ನನ್ನ ಜೊತೆ ತುಳುವಿನಲ್ಲೇ ಜಗಳವಾಡುತ್ತಿದ್ದ. "ನಿಮಗೆ ಒಮ್ಮೆ ಆಗ್ಬೇಕು ಶೆಟ್ರೇ, ಆಗ ಗೊತ್ತಾಗ್ತದೆ" ಎನ್ನುತ್ತಿದ್ದ.

ಸರಿ, ನನಗೂ ಒಮ್ಮೆ ಆಯಿತು. ಆದರೆ ರಾತ್ರಿಯಲ್ಲಿ ಅಲ್ಲ, ಮಸಣದಲ್ಲೂ ಅಲ್ಲ. ಸೆಪ್ಟೆಂಬರ್ ಕೊನೆಯ ಒಂದು ಶುಕ್ರವಾರ, ನಡು ಮಧ್ಯಾಹ್ನ, ನಮ್ಮ ಕ್ಯಾಂಪಿನ ಮೆಸ್ಸಿನ ಉಗ್ರಾಣದಲ್ಲಿ, ಈರುಳ್ಳಿ ಚೀಲಗಳ ಮಧ್ಯೆ ಆಯಿತು. ಅದನ್ನು ನೆನೆದಾಗ ಬೇರೆಯವರಿಗೆ ಆಗುವ ಹಾಗೆ ನನಗೆ ಮೈ ಜುಮ್ಮೆನ್ನುವುದಿಲ್ಲ. ಸಿಟ್ಟು ಬರುತ್ತದೆ. ಇಷ್ಟು ವರ್ಷವಾದರೂ ಅದು ಇಳಿದಿಲ್ಲ. ಯಾರ ಮೇಲೆ ಎಂದು ಕೇಳಿದರೆ, ದೊಡ್ಡ ಪಾಲು ನನ್ನ ಮೇಲೆಯೇ.

ನಾನು ಒಂದು ಕಟ್ಟಡ ಕಂಪೆನಿಯ ಕ್ಯಾಂಪಿನಲ್ಲಿ ಕ್ಲಾರ್ಕ್ ಆಗಿದ್ದೆ. ಕೈಗಾರಿಕಾ ಪ್ರದೇಶದಲ್ಲಿತ್ತು ಕ್ಯಾಂಪು. ಅದನ್ನು ಎಲ್ಲರೂ ಸನಾಯಾ ಎನ್ನುತ್ತಿದ್ದರು. ಇನ್ನೂರು ಜನ ಕೆಲಸಗಾರರು. ಯಾರ ವೀಸಾ ಯಾವಾಗ ಮುಗಿಯುತ್ತದೆ, ಯಾರಿಗೆ ಜ್ವರ, ಯಾರು ರಜೆಗೆ ಹೋಗಬೇಕು, ಎಲ್ಲವೂ ನನ್ನ ಮೇಜಿನ ಮೇಲೆ. ಎಲ್ಲರ ಪಾಸ್‌ಪೋರ್ಟುಗಳು ಕಬ್ಬಿಣದ ಕಪಾಟಿನಲ್ಲಿ, ಕಪಾಟಿನ ಬೀಗದ ಕೈ ನನ್ನ ಪ್ಯಾಂಟಿನ ಜೇಬಿನಲ್ಲಿ. ಇನ್ನೊಬ್ಬರ ಪಾಸ್‌ಪೋರ್ಟಿಗೆ ಬೀಗ ಹಾಕಿಟ್ಟುಕೊಳ್ಳುವುದು ತಪ್ಪಲ್ಲವೇ ಎಂದು ಆಗ ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಜೇಬಿನಲ್ಲಿ ಬೀಗದ ಕೈ ಸದ್ದು ಮಾಡಿದರೆ ಖುಷಿಯಾಗುತ್ತಿತ್ತು.

ಮೆಸ್ಸಿನ ಅಡುಗೆಯವನು ಕುಂದನ್ ಸಿಂಗ್. ಗಢವಾಲದವನು. ಹಿಮಾಲಯದ ಒಳಗಿನ ಒಂದು ಹಳ್ಳಿ, ಬಸ್ಸಿನಿಂದ ಇಳಿದ ಮೇಲೆ ಅರ್ಧ ದಿನ ಗುಡ್ಡ ಹತ್ತಬೇಕಂತೆ. ಮದುವೆಯಾಗಿರಲಿಲ್ಲ. ಅಣ್ಣ ಸೈನ್ಯದಲ್ಲಿ, ಊರಿನಲ್ಲಿ ತಾಯಿ, ಅತ್ತಿಗೆ, ಅತ್ತಿಗೆಯ ಇಬ್ಬರು ಮಕ್ಕಳು. ಓದು ಬರಹ ಬಾರದು. ಊರಿನ ಶಾಲೆಯ ಮೇಷ್ಟ್ರು ಹಿಂದಿಯಲ್ಲಿ ಬರೆದು ಕಳಿಸಿದ ಕಾಗದಗಳನ್ನು ನಾನೇ ಓದಿ ಹೇಳುತ್ತಿದ್ದೆ. ನನ್ನನ್ನು ಬಾಬೂಜಿ ಎಂದು ಕರೆಯುತ್ತಿದ್ದ. ಅವನ ಮಾತೆಲ್ಲ ಹಿಂದಿಯಲ್ಲಿ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಧ್ಯಾಹ್ನದ ಊಟ ಮುಗಿದು ದೊಡ್ಡ ಪಾತ್ರೆಗಳನ್ನು ತೊಳೆದಿಟ್ಟ ಮೇಲೆ ಅವನಿಗೆ ಒಂದು ಗಂಟೆ ಬಿಡುವು. ನಾನು ಹಾಲು ಹಾಕದ ಕಟ್ಟಂಚಹಾ ಕುಡಿಯಲು ಹೋಗುತ್ತಿದ್ದೆ. ರಾತ್ರಿಯ ಈರುಳ್ಳಿ ಸುಲಿಯುತ್ತಾ ಅವನು ಊರಿನ ಮಾತು ತೆಗೆಯುತ್ತಿದ್ದ. "ಈಗ ನಮ್ಮಲ್ಲಿ ನೆರಳು ಕಣಿವೆಯಿಂದ ಮೇಲೆ ಹತ್ತುತ್ತಾ ಇರುತ್ತದೆ ಬಾಬೂಜಿ. ಎದುರು ಗುಡ್ಡದ ಮೇಲಿನ ಗದ್ದೆಗೆ ಬಂದಾಗ ಅಮ್ಮ ಆಡುಗಳನ್ನು ಕರೆಯುತ್ತಾಳೆ." ಇಷ್ಟೇ. ಅವನ ಮಾತಿನಲ್ಲಿ ಯಾವತ್ತೂ ಏನೂ ನಡೆಯುತ್ತಿರಲಿಲ್ಲ. ಜಗಳವಿಲ್ಲ, ಮದುವೆಯಿಲ್ಲ, ಕೊಲೆಯಿಲ್ಲ. ನಿಮ್ಮೂರಲ್ಲಿ ಸುದ್ದಿ ಅಂತ ಒಂದಾದರೂ ಇದೆಯೇನಯ್ಯಾ ಎಂದು ರೇಗಿಸಿದರೆ, "ನೆರಳು ಹತ್ತುತ್ತದೆ, ನೆರಳು ಇಳಿಯುತ್ತದೆ, ಸಾಲದೇ?" ಎಂದು ನಗುತ್ತಿದ್ದ. ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ, ಕೈ ಮಾತ್ರ ಈರುಳ್ಳಿ ಸುಲಿಯುತ್ತಿತ್ತು.

ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ ಎಂದು ಅವನ ಕರಾರಿನಲ್ಲಿ ಬರೆದಿತ್ತು. ಐದು ವರ್ಷವಾದರೂ ಅವನಿಗೆ ರಜೆ ಸಿಕ್ಕಿರಲಿಲ್ಲ. ಕೇಳಿದಾಗಲೆಲ್ಲ ಬದಲಿ ಅಡುಗೆಯವನಿಲ್ಲ ಎಂಬ ಒಂದೇ ಉತ್ತರ. ಉತ್ತರ ಕೊಡುತ್ತಿದ್ದ ಮ್ಯಾನೇಜರ್ ಬೇರೆ ಯಾರೂ ಅಲ್ಲ, ನಮ್ಮ ಕಡೆಯವನೇ, ಊರಿನಲ್ಲಿ ನಾಲ್ಕು ಕಡೆ ಸನ್ಮಾನ ಮಾಡಿಸಿಕೊಂಡವನು. ಆ ವರ್ಷ ಮೇ ತಿಂಗಳ ರಜೆಯ ಪಟ್ಟಿಯಲ್ಲಿ ಒಂದೇ ಒಂದು ಜಾಗ ಉಳಿದಿತ್ತು. "ಬೇಕಾದ್ರೆ ಆ ಅಡುಗೆಯವನನ್ನು ಕಳಿಸು, ಇಲ್ಲದಿದ್ರೆ ನೀನು ಹೋಗು. ಒಬ್ಬರೇ ಆಯ್ತಾ. ಯಾರೂಂತ ನೀನೇ ಬರ್ಕೋ" ಎಂದ ಮ್ಯಾನೇಜರ್.

ನಾನು ನನ್ನ ಹೆಸರು ಬರೆದುಕೊಂಡೆ.

ಮನೆಯಲ್ಲಿ ಮದುವೆ ಇತ್ತೇ? ಇರಲಿಲ್ಲ. ಯಾರಿಗಾದರೂ ಕಾಯಿಲೆಯೇ? ಅದೂ ಅಲ್ಲ. ಹಿಂದಿನ ವರ್ಷವಷ್ಟೇ ಊರಿಗೆ ಹೋಗಿ ಬಂದಿದ್ದೆ. ತಮ್ಮ ಹೊಸ ಮೋಟಾರ್ ಸೈಕಲ್ ಕೊಂಡಿದ್ದ, ಅದನ್ನು ಓಡಿಸಬೇಕು ಎನ್ನಿಸಿತು. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನ್ನಿಸುತ್ತದೆ. ಕುಂದನ್ ಸಿಂಗನಿಗೆ "ಮ್ಯಾನೇಜರ್ ಒಪ್ಪಲಿಲ್ಲ, ಏನು ಮಾಡುವುದು" ಎಂದೆ. ಅವನು ತಲೆಯಾಡಿಸಿದ. ನಾನು ಹೊರಡುವ ದಿನ ಬೆಳಿಗ್ಗೆ ಬೇಗ ಎದ್ದು ದಾರಿಗೆಂದು ಪೂರಿ, ಆಲೂಗಡ್ಡೆ ಪಲ್ಯ ಕಟ್ಟಿಕೊಟ್ಟ. ವಿಮಾನದಲ್ಲಿ ತಿಂದೆ. ರುಚಿಯಾಗಿಯೇ ಇತ್ತು.

ಊರಿನಿಂದ ಬಂದು ಎರಡು ತಿಂಗಳಾಗಿತ್ತು. ಆ ಶುಕ್ರವಾರ ಬೆಳಿಗ್ಗೆಯಿಂದ ಮೈ ಬಿಸಿ. ನನ್ನ ಕೋಣೆಯ ಏಸಿ ಹಿಂದಿನ ದಿನವೇ ಕೈಕೊಟ್ಟಿತ್ತು. ತಗಡಿನ ಕೋಣೆ ಕಾದ ಬಾಣಲೆಯ ಹಾಗಿತ್ತು. ಹಮೀದ್ ಜುಮ್ಮಾ ನಮಾಜಿಗೆ ಹೋಗಿದ್ದ. ನಾನು ಗೋಡೆ ಹಿಡಿದುಕೊಂಡು ಮೆಸ್ಸಿಗೆ ಹೋದೆ. ಕುಂದನ್ ಸಿಂಗ್ ನನ್ನ ಹಣೆ ಮುಟ್ಟಿ ನೋಡಿ, ಉಗ್ರಾಣದ ಮೂಲೆಯಲ್ಲಿದ್ದ ತನ್ನ ಮಂಚದ ಮೇಲೆ ಮಲಗಿಸಿದ. ಅಲ್ಲಿ ತಂಪಿತ್ತು. ಚಳಿ ಬರುತ್ತಿದೆ ಎಂದಾಗ ಪೆಟ್ಟಿಗೆಯಿಂದ ಕಪ್ಪು ಕುರಿಯ ಉಣ್ಣೆಯ ಒರಟು ಕಂಬಳಿ ತೆಗೆದು ಹೊದೆಸಿದ. ಅವನ ತಾಯಿ ನೂತ ನೂಲಿನದಂತೆ. ಹೊಗೆಯ ವಾಸನೆ ಇತ್ತು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ಅಷ್ಟು ಚೆನ್ನಾಗಿ ನೆನಪಿದೆ.

ಮುಂದೆ ಹೇಳುವುದನ್ನು ಕನಸು ಎಂದು ನೀವು ಕರೆಯಬಹುದು. ನಾನು ಬೇಕಾದಷ್ಟು ಕನಸು ಕಂಡಿದ್ದೇನೆ. ಕನಸಿನಲ್ಲಿ ಬೇಸರವಾಗುವುದಿಲ್ಲ, ಕಾಯುವುದಿರುವುದಿಲ್ಲ, ಚಿಗಟ ಕಚ್ಚುವುದಿಲ್ಲ. ಅಲ್ಲಿ ಇವೆಲ್ಲ ಇದ್ದವು.

ನಾನು ಕಲ್ಲು ಚಪ್ಪಡಿ ಹಾಸಿದ ಅಂಗಳದಲ್ಲಿ ನಿಂತಿದ್ದೆ. ಕಾಲಿನಲ್ಲಿ ಕ್ಯಾಂಪಿನ ರಬ್ಬರ್ ಚಪ್ಪಲಿ. ನಾನು ಯಾರು, ಎಲ್ಲಿ ಕೆಲಸ, ಎಲ್ಲ ನೆನಪಿತ್ತು. ಒಬ್ಬ ಮುದುಕಿ ಬಿಸಿಲಿನಲ್ಲಿ ಹಸಿ ಅಕ್ರೋಟುಗಳನ್ನು ಹರಡುತ್ತಿದ್ದಳು. ಅವಳ ಎರಡೂ ಕಣ್ಣಿನಲ್ಲಿ ಪೊರೆ. ನನ್ನ ಕಡೆ ತಿರುಗಿ, ಹತ್ತಿರ ಬಂದು, ಕಪ್ಪಾದ ಅಂಗೈಯನ್ನು ನನ್ನ ಮುಖದ ಮೇಲೆಲ್ಲ ಆಡಿಸಿದಳು. "ಬಂದೆಯಾ ಲಾಟಾ" ಎಂದಳು. ಆ ಭಾಷೆ ನನಗೆ ಬರುವುದಿಲ್ಲ, ಆದರೂ ಅರ್ಥವಾಯಿತು. ಹೇಗೆ ಎಂದು ಕೇಳಬೇಡಿ. ನಾನು ನಿನ್ನ ಮಗನಲ್ಲ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಅವಳು ಬಿಸಿ ಹಾಲು ತಂದುಕೊಟ್ಟಳು. ಕುಡಿದೆ.

ಎಂಟು ದಿನ ಇದ್ದೆ. ಬೆಳಿಗ್ಗೆ ಎದುರು ಗುಡ್ಡದ ತುದಿಗೆ ಮೊದಲು ಬಿಸಿಲು ಬೀಳುತ್ತದೆ. ಅದು ಒಂದೊಂದೇ ಗದ್ದೆ ಇಳಿದು, ತೊರೆ ದಾಟಿ, ನಮ್ಮ ಅಂಗಳಕ್ಕೆ ಹತ್ತಿ ಬರುವವರೆಗೆ ಯಾರೂ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ. ಅಮ್ಮ ಒಲೆಯ ಬೂದಿ ಸರಿಸಿ ಹಿಂದಿನ ದಿನದ ಕೆಂಡ ಹುಡುಕುತ್ತಾಳೆ. ಪಕ್ಕದ ಮನೆಯ ಹೆಂಗಸು ಬೆರಣಿ ಚೂರು ಹಿಡಿದುಕೊಂಡು ಬೆಂಕಿಗೆ ಬರುತ್ತಾಳೆ. ಬೆಂಕಿಗೆಂದು ಬಂದವಳು ಒಂದು ಗಂಟೆ ಕೂರುತ್ತಾಳೆ. ತೆಗೆದುಕೊಂಡ ಕೆಂಡ ಆರಿಹೋಗಿ, ಇನ್ನೊಂದು ಕೆಂಡ ತೆಗೆದುಕೊಂಡು ಹೋಗುತ್ತಾಳೆ. ಎಂಟು ದಿನವೂ ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ. ನನ್ನ ಜೊತೆ ಮಾತನಾಡಿದವಳು ಅಮ್ಮ ಒಬ್ಬಳೇ. ಸೊಸೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಾಳೆ ಎಂದು ಮೊದಲ ದಿನವೇ ಹೇಳಿದಳು.

ನೀರಿಗೆ ಒಂದು ಒರತೆ ಇತ್ತು. ಬೆರಳಿನಷ್ಟು ದಪ್ಪದ ಧಾರೆ. ಕೊಡ ಇಟ್ಟು ಬಂದು, ಅಕ್ರೋಟು ತಿರುವಿ ಹಾಕಿ, ಆಡಿಗೆ ಸೊಪ್ಪು ಕಟ್ಟಿ ಹೋದರೂ ತುಂಬಿರುತ್ತಿರಲಿಲ್ಲ. ಮೊದಲ ದಿನ ನನಗೆ ಸಿಟ್ಟು ಬಂತು. ನಾಲ್ಕನೆಯ ದಿನದ ಹೊತ್ತಿಗೆ ಕೊಡದ ಪಕ್ಕದಲ್ಲಿ ಕುಳಿತು ಅದರ ಸದ್ದು ಕೇಳುತ್ತಿದ್ದೆ. ಮೊದಲು ಟಣಟಣ, ಅರ್ಧ ತುಂಬಿದ ಮೇಲೆ ಬೇರೆ ಸದ್ದು, ಕುತ್ತಿಗೆಗೆ ಬಂದಾಗ ಬೇರೆ. ಐದನೆಯ ದಿನ ರಾಗಿಯ ಮೂಟೆ ಬೆನ್ನಿಗೆ ಹಾಕಿಕೊಂಡು ತೊರೆಯ ಪಕ್ಕದ ನೀರಿನ ಗಿರಣಿಗೆ ಇಳಿದೆ. ನಮ್ಮ ಕಡೆ ರಾಗಿ ಎಂದರೆ ಮಗುವಿಗೆ ಮಣ್ಣಿ ಮಾಡಲು ಮಾತ್ರ. ಅಲ್ಲಿ ದಿನವೂ ರಾಗಿ ರೊಟ್ಟಿ, ಮೇಲೆ ತುಪ್ಪ, ಪಕ್ಕದಲ್ಲಿ ಬೆಲ್ಲದ ಚೂರು. ಗಿರಣಿಯಲ್ಲಿ ನನ್ನ ಸರದಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಯಾರಿಗೂ ಅವಸರವಿರಲಿಲ್ಲ. ಹಿಟ್ಟಿನ ಬೆಚ್ಚನೆಯ ಮೂಟೆಗೆ ಒರಗಿ ನಿದ್ದೆ ಮಾಡಿದೆ. ಅಂಥ ನಿದ್ದೆ ನನ್ನ ಸ್ವಂತ ಊರಿನಲ್ಲೂ ನನಗೆ ಬಂದಿಲ್ಲ.

ಸಂಜೆ ಅಮ್ಮ ಅಂಗಳದ ಅಂಚಿನಲ್ಲಿ ನಿಂತು ಎದುರು ಗುಡ್ಡದ ಗೆಳತಿಯನ್ನು ಕೂಗುತ್ತಿದ್ದಳು. ಕೂಗು ಕಣಿವೆ ದಾಟಬೇಕು, ಆಕೆ ಮನೆಯಿಂದ ಹೊರಗೆ ಬರಬೇಕು, ಉತ್ತರ ಕೂಗಬೇಕು. ಈ ನಡುವೆ ಅಮ್ಮ ಒಂದು ಹಿಡಿ ಉಣ್ಣೆ ನೂತು ಮುಗಿಸುತ್ತಿದ್ದಳು. ಇಷ್ಟು ಕಷ್ಟಪಟ್ಟು ಕೇಳುತ್ತಿದ್ದುದು ಏನು? ಇವತ್ತು ಏನು ಅಡುಗೆ ಎಂದು. ಅಂಗಳದ ಅಕ್ರೋಟು ಮರದ ದೊಡ್ಡ ಕೊಂಬೆಯೊಂದು ಮುರಿದು ಕೊಟ್ಟಿಗೆಯ ಮಾಡಿನ ಮೇಲೆ ಬಿದ್ದಿತ್ತು. ಅಂಗಳದಲ್ಲಿ ಊರಿದ್ದ ಅದರ ಬುಡದ ಮೇಲೆ ಕುಳಿತು ಅವಳು ನೂಲುತ್ತಿದ್ದಳು, ನಾನು ಅಕ್ರೋಟು ಒಡೆಯುತ್ತಿದ್ದೆ. ಬೆರಳೆಲ್ಲ ಕಪ್ಪು. ನಾನು ಇಷ್ಟು ಸುಖವಾಗಿ ಬದುಕಿದ ಎಂಟು ದಿನ ನನ್ನ ಆಯುಸ್ಸಿನಲ್ಲಿ ಬೇರೆ ಇಲ್ಲ. ಅದು ನನ್ನದಲ್ಲ ಎಂಬುದು ಅಲ್ಲಿದ್ದಾಗಲೂ ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಕೊನೆಯ ದಿನ ಅಮ್ಮ ಅಂಗಳದ ಮೆಟ್ಟಿಲವರೆಗೆ ಬಂದಳು. "ಮತ್ತೆ ಯಾವಾಗ?" ಎಂದಳು. "ಬರ್ತೇನೆ" ಎಂದೆ. ಅಷ್ಟರಲ್ಲಿ ಭುಜ ಅಲುಗಿತು. ಕುಂದನ್ ಸಿಂಗ್ ಚಹಾ ಹಿಡಿದು ನಿಂತಿದ್ದ. ಹೊರಗೆ ಇಳಿಹೊತ್ತಿನ ಅಸರ್ ನಮಾಜಿನ ಬಾಂಗು ಕೇಳುತ್ತಿತ್ತು. ಗಡಿಯಾರದಲ್ಲಿ ಮೂರು. ಜ್ವರ ಬಿಟ್ಟಿತ್ತು.

ನಾನು ದೊಡ್ಡ ಉಪಕಾರ ಮಾಡುತ್ತಿರುವವನಂತೆ ನಗುನಗುತ್ತಾ ಎಲ್ಲವನ್ನೂ ಹೇಳಿದೆ. ಒರತೆ, ಗಿರಣಿ, ಕೂಗು. ಅವನೂ ನಕ್ಕ. ಇದೆಲ್ಲ ಅವನೇ ಎಂದೋ ಹೇಳಿದ್ದಲ್ಲವೇ. ಮುರಿದ ಕೊಂಬೆಯ ಮಾತು ಬಂದಾಗ "ಇಲ್ಲ ಬಾಬೂಜಿ, ಮರ ಗಟ್ಟಿಯಾಗಿದೆ" ಎಂದ. "ನಿನ್ನ ಅಮ್ಮ ನನ್ನನ್ನು ಲಾಟಾ ಎಂದಳು" ಎಂದೆ.

ಅವನ ಮುಖ ಹೇಗಾಯಿತು ಎಂಬುದು ಈಗಲೂ ಕಣ್ಣ ಮುಂದಿದೆ. ಲಾಟಾ ಎಂದರೆ ಪೆದ್ದ. ಅವರ ಕಡೆ ತಾಯಂದಿರು ಮುದ್ದಿನ ಮಗನನ್ನು ಹಾಗೆ ಕರೆಯುತ್ತಾರಂತೆ. ಆ ಶಬ್ದವನ್ನು ಅವನು ಕ್ಯಾಂಪಿನಲ್ಲಿ ಯಾರ ಎದುರೂ ಆಡಿರಲಿಲ್ಲ.

"ಐದು ವರ್ಷ" ಎಂದ. ದನಿ ಏರಿತು. "ಐದು ವರ್ಷದಿಂದ ಈ ಬೆಂಕಿಯ ಮುಂದೆ ನಿಂತು ನಿಮಗೆಲ್ಲ ರೊಟ್ಟಿ ತಟ್ಟುತ್ತಿದ್ದೇನೆ. ಮೇ ತಿಂಗಳಲ್ಲಿ ಪಟ್ಟಿಯಲ್ಲಿ ಯಾರ ಹೆಸರು ಬರೆದೆ ಎಂದು ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ಇಡೀ ಮೆಸ್ಸಿಗೆ ಗೊತ್ತು. ನಿನ್ನ ಅಮ್ಮನ ಹತ್ತಿರ ಹೋಗಿ ಬಂದೆ. ಈಗ ನನ್ನ ಅಮ್ಮನ ಹತ್ತಿರವೂ ನೀನೇ ಹೋಗಿ ಬಂದೆಯಾ?"

ಅವನು ನನ್ನನ್ನು ನೀನು ಎಂದದ್ದು ಅದೇ ಮೊದಲು. ಮೈ ಮೇಲಿದ್ದ ಕಂಬಳಿಯನ್ನು ಎಳೆದುಕೊಂಡ. ಕನಸಿಗೆಲ್ಲ ಯಾಕೆ ಸಿಟ್ಟು ಮಾಡುತ್ತೀ ಎಂದು ಸಮಾಧಾನ ಹೇಳಲು ಹೋದೆ. "ಹೊರಗೆ ಹೋಗು" ಎಂದ. ಗೊತ್ತಿದ್ದೂ ಪೂರಿ ಕಟ್ಟಿಕೊಟ್ಟಿದ್ದನಲ್ಲ ಎಂಬುದು ಕೋಣೆಗೆ ಬಂದ ಮೇಲೆ ಹೊಳೆಯಿತು. ಹಮೀದನಿಗೆ ಹೇಳಿದರೆ "ಜ್ವರ ತಲೆಗೆ ಏರಿದ್ದು ಮಾರಾಯ್ರೇ, ಒಂದು ಮಾತ್ರೆ ತಗೊಳ್ಳಿ" ಎಂದ. ಕಾಲಿಲ್ಲದ ಭೂತವನ್ನು ನಂಬುವವನು ನನ್ನ ಎಂಟು ದಿನವನ್ನು ನಂಬಲಿಲ್ಲ.

ತಿಂಗಳು ಕಳೆದ ಮೇಲೆ ಊರಿನಿಂದ ಕಾಗದ ಬಂತು. ಓದಿಸಿಕೊಳ್ಳಲು ಬೇರೆ ಯಾರೂ ಇಲ್ಲದ್ದರಿಂದ ಕುಂದನ್ ಸಿಂಗ್ ನನ್ನ ಬಳಿಯೇ ತಂದ. ಎಲ್ಲರೂ ಚೆನ್ನಾಗಿದ್ದಾರೆ, ಮಳೆಗಾಲದ ಗಾಳಿಗೆ ಅಕ್ರೋಟಿನ ದೊಡ್ಡ ಕೊಂಬೆ ಮುರಿದು ಕೊಟ್ಟಿಗೆಯ ಮೇಲೆ ಬಿತ್ತು, ದನಗಳಿಗೆ ಏನೂ ಆಗಲಿಲ್ಲ. ಕೊಂಬೆಯ ಸಾಲನ್ನು ಎರಡು ಸಲ ಓದಿದೆ. ಅವನು ಕಾಗದ ಮಡಚಿ ಜೇಬಿಗೆ ಹಾಕಿಕೊಂಡ, ಹೋಗಲಿಲ್ಲ. ಅಲ್ಲೇ ನಿಂತು ಹೇಳಿದ, "ಆ ದಿನದಿಂದ ನನಗೆ ಕಣ್ಣು ಮುಚ್ಚಿದರೆ ಏನೂ ಕಾಣುವುದಿಲ್ಲ. ಈ ಮೆಸ್ಸಿನ ಗೋಡೆ ಕಾಣುತ್ತದೆ. ಒರತೆ ಮನೆಯ ಮೇಲ್ಗಡೆಯೋ ಕೆಳಗಡೆಯೋ ಅದೂ ನೆನಪಾಗುವುದಿಲ್ಲ. ನೀನು ಹೇಳು."

ಅಂದಿನಿಂದ ಚಹಾದ ಹೊತ್ತಿನಲ್ಲಿ ಹೇಳುವವನು ನಾನಾದೆ, ಕೇಳುವವನು ಅವನಾದ. ಒರತೆ ಮೇಲ್ಗಡೆ, ಹನ್ನೊಂದು ಮೆಟ್ಟಿಲು, ಏಳನೆಯದು ಅಲುಗಾಡುತ್ತದೆ. ಅವನು ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದ. ಒಮ್ಮೆಯೂ ನಗಲಿಲ್ಲ, ಒಂದು ದಿನವೂ ತಪ್ಪಿಸಲಿಲ್ಲ. ಹಸಿದವನು ಶತ್ರುವಿನ ಮನೆಯಲ್ಲಿ ಉಣ್ಣುವ ಹಾಗೆ ಕೇಳುತ್ತಿದ್ದ.

ಮುಂದಿನ ರಜೆಯ ಪಟ್ಟಿಯಲ್ಲಿ ನಾನು ಎಲ್ಲಕ್ಕಿಂತ ಮೇಲೆ ಕುಂದನ್ ಸಿಂಗನ ಹೆಸರು ಬರೆದೆ. ಮ್ಯಾನೇಜರ್ ಗೀಟು ಹಾಕಿದ. ಮತ್ತೆ ಬರೆದು ಇಟ್ಟೆ. "ಎಂತದಾ ನಿನ್ನದು? ಅವನು ಹೋದ್ರೆ ಇನ್ನೂರು ಜನಕ್ಕೆ ಅನ್ನ ಬೇಯಿಸುವುದು ಯಾರು, ನಿನ್ನ ಅಪ್ಪನಾ?" ಎಂದ. ನನಗೆ ಎಲ್ಲಿತ್ತೋ ಅಷ್ಟು ಸಿಟ್ಟು. ಬೀಗದ ಕೈಯನ್ನು ಅವನ ಮೇಜಿನ ಮೇಲೆ ಎಸೆದೆ. "ನಾನು ಬೇಯಿಸ್ತೇನೆ. ಅವನ ಪಾಸ್‌ಪೋರ್ಟು ಇವತ್ತು ಅವನ ಕೈಗೆ ಹೋಗ್ಬೇಕು. ಇಲ್ಲದಿದ್ರೆ ನೀವು ಅವನನ್ನು ಎಷ್ಟು ವರ್ಷ ಹಿಡಿದಿಟ್ಟಿದ್ದೀರಿ ಅಂತ ನಾಡಿದ್ದು ಅಲ್ ಸದ್ದ್‌ನಲ್ಲಿ ನಮ್ಮವರೆಲ್ಲರ ಎದುರು ನಾನೇ ಹೇಳ್ತೇನೆ" ಎಂದೆ. ಸನ್ಮಾನದ ಮನುಷ್ಯನಿಗೆ ಅದು ನಾಟಿತು. "ಯಲ್ಲಾ, ಖಲಾಸ್, ಹೋಗಲಿ ಅತ್ಲಾಗೆ" ಎಂದು ಸಹಿ ಹಾಕಿದ. ಇದೇ ಕೂಗನ್ನು ಒಂದು ವರ್ಷ ಮೊದಲು ಕೂಗಿದ್ದರೆ ಎಂಬ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಗಲ್ಫಿನಲ್ಲಿದ್ದವರಿಗೆ ಒಂದು ರೂಢಿ ಗೊತ್ತಿರುತ್ತದೆ. ಯಾರು ರಜೆಗೆ ಹೊರಟರೂ ಉಳಿದವರು ತಮ್ಮ ಮನೆಗೆ ಒಂದೊಂದು ಕಟ್ಟು ಕೊಡುತ್ತಾರೆ. ಊರಿಗೆ ಹೋದವನು ಮೊದಲು ಇನ್ನೊಬ್ಬರ ಕಟ್ಟನ್ನು ಮುಟ್ಟಿಸುತ್ತಾನೆ, ಆಮೇಲೆ ತನ್ನ ಪೆಟ್ಟಿಗೆ ಬಿಚ್ಚುತ್ತಾನೆ. ವಾಪಸು ಬರುವಾಗ ಆ ಮನೆಯವರು ಕೊಟ್ಟದ್ದನ್ನು ಹೊತ್ತು ತರುತ್ತಾನೆ. ನನಗೆ ಸುಮ್ಮನಿರಲಾಗಲಿಲ್ಲ. ಕುಂದನ್ ಸಿಂಗನ ತಾಯಿಗೆಂದು ಹುಲಿಯ ಚಿತ್ರದ ದಪ್ಪ ಕಂಬಳಿ, ಮೊಣಕಾಲಿಗೆ ಹಚ್ಚುವ ಮುಲಾಮು ಕಟ್ಟಿ ಕೊಟ್ಟೆ. ತಪ್ಪಿಗೆ ಪ್ರಾಯಶ್ಚಿತ್ತ ಎಂದುಕೊಂಡೆ. ಅವನು ತೆಗೆದುಕೊಂಡ. ಬಸ್ಸಿನಿಂದ ಇಳಿದು ಅರ್ಧ ದಿನ ಗುಡ್ಡ ಹತ್ತುವಾಗ ಅದನ್ನೂ ಹೊತ್ತ.

ಎರಡು ತಿಂಗಳ ರಜೆಗೆ ಹೋದವನು ಮೂರನೆಯ ವಾರಕ್ಕೇ ವಾಪಸು ಬಂದ. ಗಲ್ಫಿನಲ್ಲಿ ರಜೆ ಮುಗಿಯುವ ಮೊದಲು ಯಾರೂ ಬರುವುದಿಲ್ಲ. ಹಮೀದ್ ವಿಮಾನ ನಿಲ್ದಾಣದಿಂದ ಕರೆತಂದ. ಅವನು ನೇರವಾಗಿ ನನ್ನ ಆಫೀಸಿಗೆ ಬಂದು ನಿಂತ.

ಅವನು ಹೇಳಿದ್ದು ಇಷ್ಟು. ಮನೆ ಮುಟ್ಟಿದ್ದು ಸಂಜೆ. ತಾಯಿಯ ಕಾಲು ಮುಟ್ಟಿದ. ಅವಳು ಯಾರಪ್ಪಾ ಎಂದಳು. ರೂಢಿಯ ಪ್ರಕಾರ ಮೊದಲು ನನ್ನ ಕಟ್ಟು ಕೈಗಿಟ್ಟು, "ಇದು ದೋಹಾದಿಂದ ನಿನಗೆ ಕಳಿಸಿದ್ದು" ಎಂದ. ಅವಳ ಮುಖ ಅರಳಿತು. ನನ್ನ ಮಗ ಕಳಿಸಿದನೇ, ನೀವು ಅವನ ಜೊತೆಯವರೇ, ಬನ್ನಿ ಕುಳಿತುಕೊಳ್ಳಿ ಎಂದಳು. ನಾನೇ ಕುಂದನ್ ಎಂದ. ಅವಳು ನಕ್ಕಳು. "ಅವನು ಹೋದ ಸಲ ಅಕ್ರೋಟು ಒಣಗಿಸುವಾಗ ಬಂದಿದ್ದನಲ್ಲ. ಎಂಟು ದಿನ ಇದ್ದು ಹೋದ. ರಾಗಿ ಬೀಸಿಸಿ ತಂದುಕೊಟ್ಟ" ಎಂದಳು. ಅತ್ತಿಗೆ ಬಂದು, ಇವನೇ ನಿಮ್ಮ ಮಗ ಎಂದು ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಅತ್ತಿಗೆ ಆ ವಾರ ತವರಿಗೆ ಹೋಗಿದ್ದದ್ದು ನಿಜವಂತೆ. ಪಕ್ಕದ ಮನೆಯ ಹೆಂಗಸನ್ನು ಕೇಳಿದರೆ, ಯಾರೂ ಬಂದಿರಲಿಲ್ಲ, ಮುದುಕಿಗೆ ಅರಳು ಮರಳು ಎಂದಳಂತೆ. ಅವನು ನೀರು ತರಲು ಹೊರಟರೆ ಅಮ್ಮ ಕೊಡ ಕಿತ್ತುಕೊಳ್ಳುತ್ತಿದ್ದಳು, ಅತಿಥಿಗಳು ಹೊರಬಾರದು ಎಂದು. ಊಟವನ್ನು ನೆಂಟರ ತಟ್ಟೆಯಲ್ಲಿ ಬಡಿಸುತ್ತಿದ್ದಳು. ಹನ್ನೆರಡು ದಿನ ತನ್ನ ಮನೆಯಲ್ಲಿ ಬಹುವಚನದಲ್ಲಿ ಕರೆಸಿಕೊಂಡು, ಹದಿಮೂರನೆಯ ದಿನ ಅವನು ಹೊರಟ.

ಇದಕ್ಕೆ ಏನು ಹೇಳುತ್ತೀರಿ? ವಯಸ್ಸಾದವರಿಗೆ ಮರೆವು, ಕಣ್ಣಿಗೆ ಪೊರೆ, ನನಗೆ ಜ್ವರ, ಅವನು ಹಿಂದೆ ಎಂದೋ ಬಾಯ್ತಪ್ಪಿ ಹೇಳಿದ ಒಂದು ಶಬ್ದ. ನನಗೂ ಇದೆಲ್ಲ ಹೇಳಲು ಬರುತ್ತದೆ. ಒಬ್ಬ ಡಾಕ್ಟರಿಗೆ ಹೇಳಿದೆ, ಅವರು ಬಿಸಿಲಿನ ಹೊಡೆತ ಎಂದರು. ಊರಿನಲ್ಲಿ ಒಬ್ಬ ಜೋಯಿಸರಿಗೆ ಹೇಳಿದೆ, ಅವರು ಪೂರ್ವಜನ್ಮ ಎಂದರು. ಇಬ್ಬರ ಮೇಲೂ ಸಿಟ್ಟು ಬಂತು. ಕೊಂಬೆ ಮುರಿದದ್ದು ಬಿಸಿಲಿನ ಹೊಡೆತಕ್ಕೆ ಹೇಗೆ ಗೊತ್ತಾಯಿತು? ಪೂರ್ವಜನ್ಮವೇ ಆದರೆ ನನ್ನ ಕಾಲಿನಲ್ಲಿ ಕ್ಯಾಂಪಿನ ಚಪ್ಪಲಿ ಯಾಕಿತ್ತು? ಆ ಎರಡೂವರೆ ಗಂಟೆಯಲ್ಲಿ ನಡೆದದ್ದು ಏನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುತ್ತದೆ ಎಂಬ ಆಸೆಯೂ ಇಲ್ಲ. ನಾನು ಬಾಯಿ ಬಿಟ್ಟು "ನಾನು ನಿನ್ನ ಮಗನಲ್ಲ" ಎಂದಿದ್ದರೆ ಏನಾಗುತ್ತಿತ್ತು, ಅದನ್ನು ಮಾತ್ರ ದಿನಾ ಕೇಳಿಕೊಳ್ಳುತ್ತೇನೆ.

ಅಂದು ಆಫೀಸಿನಲ್ಲಿ ಎಲ್ಲ ಹೇಳಿ ಮುಗಿಸಿದ ಮೇಲೆ ಕುಂದನ್ ಸಿಂಗ್ ಚೀಲದಿಂದ ಒಂದು ಗಂಟು ತೆಗೆದು ನನ್ನ ಮೇಜಿನ ಮೇಲೆ ಇಟ್ಟ. ಅವನ ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ್ದು. ಬಿಚ್ಚಿದರೆ ಅಕ್ಕಿ ಹಿಟ್ಟು, ಬೆಲ್ಲ ಹಾಕಿ ಕರಿದ ತಿಂಡಿ. ಅವರ ಕಡೆ ಅರ್ಸಾ ಎನ್ನುತ್ತಾರೆ, ನೋಡಿದರೆ ನಮ್ಮ ಕಜ್ಜಾಯವೇ.

"ಮಗನಿಗೆ ಕೊಡಿ ಅಂದಳು" ಎಂದ. "ನನ್ನ ಕೈಯಲ್ಲಿ ಕೊಟ್ಟು, ನನ್ನ ಮಗನಿಗೆ ಕೊಡಿ ಅಂದಳು."

"ನನಗೆ ಬೇಡ ಕುಂದನ್, ಇದು ನಿನ್ನದು" ಎಂದೆ.

"ತಿನ್ನು!" ಎಂದು ಅರಚಿದ. ಹೊರಗಿದ್ದವರೆಲ್ಲ ಬಾಗಿಲಿಗೆ ಬಂದರು. "ಹೊತ್ತು ತಂದಿದ್ದೇನೆ. ಕೊಟ್ಟ ಸಾಮಾನು ಮುಟ್ಟಿಸದೆ ಇರುವವನಲ್ಲ ನಾನು. ತಿನ್ನು, ನನ್ನ ಎದುರೇ ತಿನ್ನು."

ತಿಂದೆ. ಒಂದಾದ ಮೇಲೆ ಒಂದು, ಗಂಟಲಿನಲ್ಲಿ ಸಿಕ್ಕಿಹಾಕಿಕೊಂಡರೂ ನೀರು ಕುಡಿದು ತಿಂದೆ. ಅವನು ಕೈಕಟ್ಟಿ ನಿಂತು ನೋಡುತ್ತಿದ್ದ. ಎಲ್ಲ ಮುಗಿದ ಮೇಲೆ ಎಣ್ಣೆ ಹತ್ತಿದ ಆ ಬಟ್ಟೆಯ ತುಂಡನ್ನು ಮೇಜಿನಿಂದ ತೆಗೆದುಕೊಂಡ. ಅಂಟಿದ್ದ ಚೂರುಗಳನ್ನು ನನ್ನ ಕಾಗದಗಳ ಮೇಲೆ ಕೊಡವಿದ. ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಗೆ ಇಟ್ಟುಕೊಂಡ.

"ಬಟ್ಟೆ ಯಾರಿಗೆ ಎಂದು ಅವಳು ಹೇಳಲಿಲ್ಲ" ಎಂದು ಹೇಳಿ, ರಾತ್ರಿಯ ಅಡುಗೆಗೆ ಹೋದ.